ರೂಟರ್‌ಗಳೆಲ್ಲ ಒಂದೇ ಟೈಮ್ ತೋರಿಸಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಈ ಸಾಲಿನಲ್ಲಿ ಸಣ್ಣಪುಟ್ಟ ನೆಟ್‌ವರ್ಕ್ ನೋಡಿಕೊಳ್ಳುವವರು ತುಂಬಾ ಜನ ಇದ್ದಾರೆ. ಮನೆಮನೆಗೆ ಇಂಟರ್ನೆಟ್ ಕೊಡುವವರು, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗಳಲ್ಲಿ ಐಟಿ ಕೆಲಸ ಮಾಡುವವರು. ರೂಟಿಂಗ್, ಅಂದರೆ ಪ್ಯಾಕೆಟ್‌ಗಳನ್ನು (ಡೇಟಾದ ಸಣ್ಣ ತುಂಡುಗಳನ್ನು) ಸರಿಯಾದ ದಾರಿಗೆ ಕಳಿಸುವ ಕೆಲಸ, ಚೆನ್ನಾಗಿ ಬಲ್ಲವರೇ ಎಲ್ಲ. ಆದರೆ ಟೈಮ್ ವಿಷಯ ಬಂದರೆ ‘ಅದೇನು ಮಹಾ, ಆಮೇಲೆ ಮಾಡಿದರಾಯ್ತು’ ಅಂತ ಬಿಟ್ಟಿರುತ್ತಾರೆ. ಅಂಥವರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಓದಿಕೊಂಡು ಹೋಗಲು ಸುಲಭ ಅಂತ. ರೂಟರ್‌ನಲ್ಲಿ ಮಾತ್ರ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು.

ಪ್ಯಾಕೆಟ್ ಹೇಗೂ ಹೋಗುತ್ತಲ್ವಾ, ರೂಟರ್‌ಗೆ ಸರಿಯಾದ ಟೈಮ್ ಯಾಕೆ ಬೇಕು?

ಹೋಗುತ್ತೆ, ನಿಜ. ಟೈಮ್ ತಪ್ಪಿದ್ದರೂ ಪ್ಯಾಕೆಟ್ ನಿಲ್ಲುವುದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಮಳೆಗಾಲದ ರಾತ್ರಿ ನಾವು ನೋಡಿಕೊಳ್ಳುತ್ತಿದ್ದ ಮೈಸೂರು-ಮಂಡ್ಯ ಲಿಂಕ್ ಬಿದ್ದು ಎದ್ದು ಮಾಡುತ್ತಿತ್ತು. ಮೈಸೂರು ರೂಟರ್‌ನ ಲಾಗ್ (ಏನು ಯಾವಾಗ ನಡೆಯಿತು ಅಂತ ರೂಟರ್ ಬರೆದಿಡುವ ದಾಖಲೆ) ಪ್ರಕಾರ ಲಿಂಕ್ ಬಿದ್ದಿದ್ದು 1:40ಕ್ಕೆ. ಮಂಡ್ಯದ ರೂಟರ್‌ನ ಲಾಗ್‌ನಲ್ಲಿ ಪವರ್ ಸಪ್ಲೈ ಕೈಕೊಟ್ಟಿದ್ದು 2:05ಕ್ಕೆ. ಅಂದರೆ ಲಿಂಕ್ ಮೊದಲು ಹೋಗಿದೆ, ಕರೆಂಟ್‌ಗೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡು ಮೈಸೂರು ಕಡೆಯ ಫೈಬರ್ ಮಾಡ್ಯೂಲ್ ಎರಡು ಸಲ ಬದಲಾಯಿಸಿದೆವು, ಕೇಬಲ್ ಬಿಚ್ಚಿ ಒರೆಸಿದೆವು, ಬೆಳಗಿನ ಜಾವದವರೆಗೂ ಅದೇ ಕೆಲಸ. ಬೆಳಗ್ಗೆ ಮಂಡ್ಯಕ್ಕೆ ಹೋದವರು ನೋಡಿದಾಗ ಅಲ್ಲಿನ ರೂಟರ್‌ನ ಗಡಿಯಾರ 27 ನಿಮಿಷ ಮುಂದಿತ್ತು. ಪವರ್ ಸಪ್ಲೈ ಹೋಗಿದ್ದು ನಿಜವಾಗಿ 1:38ಕ್ಕೆ. ಎರಡು ನಿಮಿಷದ ಮೇಲೆ ಲಿಂಕ್ ಬಿದ್ದಿದೆ. ಎರಡೂ ಗಡಿಯಾರ ಸರಿ ಇದ್ದಿದ್ದರೆ ಐದು ನಿಮಿಷದಲ್ಲಿ ಕಾರಣ ಕಣ್ಣಿಗೆ ಬೀಳುತ್ತಿತ್ತು.

ಲಾಗ್ ಒಂದೇ ಅಲ್ಲ. ವಿಪಿಎನ್‌ಗೆ (ಇಂಟರ್ನೆಟ್ ಮೇಲೆ ಹಾಕುವ ಗುಪ್ತ ಸಂಪರ್ಕಕ್ಕೆ) ಸರ್ಟಿಫಿಕೇಟ್, ಅಂದರೆ ಡಿಜಿಟಲ್ ಗುರುತುಪತ್ರ, ಬಳಸಿದರೆ ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ಗಡಿಯಾರ 1993ಕ್ಕೋ 1970ಕ್ಕೋ ಹೋಗಿ ಕೂತರೆ ಟನಲ್, ಅಂದರೆ ಆ ವಿಪಿಎನ್ ಸಂಪರ್ಕ, ಏಳುವುದೇ ಇಲ್ಲ. ರೂಟಿಂಗ್ ಪಾಸ್‌ವರ್ಡ್‌ಗಳಿಗೆ ಕೀ-ಚೈನ್ (ಸರದಿಯಲ್ಲಿ ಬದಲಾಗುವ ಕೀಗಳ ಗೊಂಚಲು) ಇಟ್ಟು ಅವಧಿ ಹಾಕಿದ್ದರೆ ಅಲ್ಲೂ ಇದೇ ಕಥೆ.

ವಾರಕ್ಕೊಮ್ಮೆ ಕೈಯಲ್ಲೇ ಸೆಟ್ ಮಾಡಿದರೆ ಸಾಲದಾ?

ಸಾಲದು. ರೂಟರ್ ಒಳಗಿರುವುದು ಸಾಧಾರಣ ಕ್ವಾರ್ಟ್ಝ್ ಹರಳು. ಹತ್ತು ಲಕ್ಷಕ್ಕೆ 20ರಷ್ಟು ತಪ್ಪು ಅಂದರೆ ಕೇಳಲು ಏನೂ ಅನ್ನಿಸುವುದಿಲ್ಲ, ಆದರೆ ದಿನಕ್ಕೆ 1.7 ಸೆಕೆಂಡ್ ಆಯ್ತು, ತಿಂಗಳಿಗೆ ಸುಮಾರು 50 ಸೆಕೆಂಡ್. ಬಿಸಿಗೆ ಒಂದು ಥರ, ತಂಪಿಗೆ ಒಂದು ಥರ ಓಡುತ್ತೆ. ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಕಬ್ಬಿಣದ ಡಬ್ಬದೊಳಗೆ ಕೂತ ರೂಟರ್‌ಗೂ ಮೈಸೂರಿನ ಎಸಿ ರೂಮಿನ ರೂಟರ್‌ಗೂ ಒಂದೇ ವೇಗ ಬರಲು ಸಾಧ್ಯವೇ ಇಲ್ಲ. ಹತ್ತು ರೂಟರ್ ಇದ್ದರೆ ಹತ್ತು ದಿಕ್ಕು.

ಎನ್‌ಟಿಪಿ ಅಂದರೆ ಏನು, ಹೇಗೆ ಕೆಲಸ ಮಾಡುತ್ತೆ?

ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ರೂಪಿಸಿದ್ದು, 1985ರಿಂದ ಇದೆ. ಈಗ ಬಳಕೆಯಲ್ಲಿರುವ ನಾಲ್ಕನೇ ಆವೃತ್ತಿಯನ್ನು 2010ರಲ್ಲಿ ಪ್ರಕಟಿಸಿದರು. ಯುಡಿಪಿ ಅನ್ನುವ ಸರಳ ಸಾಗಣೆ ವಿಧಾನದ 123ನೇ ಪೋರ್ಟ್‌ನಲ್ಲಿ (ಬಾಗಿಲ ಸಂಖ್ಯೆ ಅಂದುಕೊಳ್ಳಿ) ಓಡುತ್ತೆ.

ಕೆಲಸ ಸರಳ. ನಿಮ್ಮ ರೂಟರ್ ತನ್ನ ಟೈಮ್ ಬರೆದು, ಟೈಮ್ ಹೇಳುವ ಸರ್ವರ್‌ಗೆ ಒಂದು ಪ್ಯಾಕೆಟ್ ಕಳಿಸುತ್ತೆ. ಸರ್ವರ್ ಅದು ಬಂದ ಹೊತ್ತು, ತಾನು ಉತ್ತರ ಕಳಿಸಿದ ಹೊತ್ತು ಎರಡನ್ನೂ ಬರೆದು ವಾಪಸ್ ಕಳಿಸುತ್ತೆ. ಉತ್ತರ ಕೈಸೇರಿದ ಹೊತ್ತನ್ನು ರೂಟರ್ ಗುರುತಿಸಿಕೊಳ್ಳುತ್ತೆ. ಈ ನಾಲ್ಕು ಟೈಮ್‌ಗಳಿಂದ ದಾರಿಯಲ್ಲಿ ಎಷ್ಟು ಹೊತ್ತು ಕಳೆಯಿತು, ತನ್ನ ಗಡಿಯಾರ ಎಷ್ಟು ಹಿಂದೆ ಮುಂದೆ ಇದೆ ಅಂತ ಲೆಕ್ಕ ಹಾಕುತ್ತೆ. ಒಂದೇ ಸಲಕ್ಕೆ ನಂಬುವುದಿಲ್ಲ, ಮತ್ತೆ ಮತ್ತೆ ಕೇಳುತ್ತೆ.

ಸ್ಟ್ರೇಟಮ್ ಅಂದರೆ ಮೂಲದಿಂದ ಎಷ್ಟನೇ ಮೆಟ್ಟಿಲು ಅಂತ. ಪರಮಾಣು ಗಡಿಯಾರ, ಜಿಪಿಎಸ್ ಇವು ಸೊನ್ನೆ. ಅದಕ್ಕೆ ನೇರವಾಗಿ ಜೋಡಿಸಿದ ಸರ್ವರ್ 1. ಅದನ್ನು ಕೇಳುವ ನಿಮ್ಮ ರೂಟರ್ 2. ನಿಮ್ಮನ್ನು ಕೇಳುವ ಮದ್ದೂರಿನ ರೂಟರ್ 3. ಹೀಗೆ 15ರವರೆಗೆ ಹೋಗಬಹುದು. 16 ಅಂದರೆ ‘ನನಗೆ ಟೈಮ್ ಗೊತ್ತಿಲ್ಲ’ ಅಂತ ರೂಟರೇ ಹೇಳುತ್ತಿದೆ ಎಂದರ್ಥ. ಮೈಸೂರಿನಲ್ಲಿ 1927ರಲ್ಲಿ ಕಟ್ಟಿದ ದೊಡ್ಡ ಗಡಿಯಾರ ನೋಡಿ ಅಂಗಡಿಯವರು ತಮ್ಮ ಗಡಿಯಾರ ಸರಿಮಾಡಿಕೊಂಡು, ಅಂಗಡಿ ನೋಡಿ ಪಕ್ಕದ ಮನೆಯವರು ಸರಿಮಾಡಿಕೊಂಡ ಹಾಗೆ. ದೂರ ಹೋದಷ್ಟೂ ಸ್ವಲ್ಪ ಸ್ವಲ್ಪ ತಪ್ಪು ಸೇರುತ್ತೆ.

ನಾವು ಯಾವ ಸರ್ವರ್‌ನಿಂದ ಟೈಮ್ ತಗೋಬೇಕು?

ನಮ್ಮ ದೇಶದ ಅಧಿಕೃತ ಸಮಯ ಇಟ್ಟುಕೊಂಡಿರುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಎನ್‌ಪಿಎಲ್. ಅವರ ಸರ್ವರ್ ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್. ಎನ್‌ಐಸಿ, ಅಂದರೆ ಕೇಂದ್ರ ಸರ್ಕಾರದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್‌ನವರದು ಎರಡಿವೆ: ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್, ಮತ್ತು ಅದೇ ಥರ ಸಮಯ್2.

ಇದು ಬರೀ ಸಲಹೆ ಅಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಟರ್ನೆಟ್ ಸೇವೆ ಕೊಡುವವರು, ಡೇಟಾ ಸೆಂಟರ್‌ಗಳು, ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಎನ್‌ಐಸಿ ಅಥವಾ ಎನ್‌ಪಿಎಲ್ ಸರ್ವರ್‌ಗೆ, ಇಲ್ಲವೇ ಅವುಗಳಿಂದ ಟೈಮ್ ಪಡೆದ ಸರ್ವರ್‌ಗೆ ತಮ್ಮ ಗಡಿಯಾರ ಹೊಂದಿಸಬೇಕು. ಲಾಗ್‌ಗಳನ್ನು 180 ದಿನ ಇಡಬೇಕು ಅಂತಲೂ ಅದರಲ್ಲೇ ಇದೆ. ಮಂಡ್ಯದಲ್ಲಿ ಇನ್ನೂರು ಮನೆಗೆ ಸಂಪರ್ಕ ಕೊಡುವ ಸೇವಾದಾರರೂ ಇದನ್ನು ಓದಿಕೊಳ್ಳಬೇಕು. ಪೊಲೀಸರು ಬಂದು ‘ಇಷ್ಟು ಗಂಟೆಗೆ ಈ ವಿಳಾಸ ಯಾರ ಹತ್ತಿರ ಇತ್ತು’ ಅಂತ ಕೇಳಿದಾಗ ನಿಮ್ಮ ಲಾಗ್ 20 ನಿಮಿಷ ತಪ್ಪಿದ್ದರೆ ಏನೂ ಅರಿಯದ ಒಬ್ಬ ಗ್ರಾಹಕನ ಹೆಸರು ಹೋಗುತ್ತೆ. ಇದನ್ನು ನಾನು ತುಂಬಾ ಗಂಭೀರವಾಗಿ ತಗೊಳ್ಳುತ್ತೇನೆ.

ಜೊತೆಗೆ ಇಂಡಿಯಾ ಪೂಲ್‌ನ (ಸ್ವಯಂಸೇವಕರು ನಡೆಸುವ ಸಾರ್ವಜನಿಕ ಟೈಮ್ ಸರ್ವರ್‌ಗಳ ಗುಂಪಿನ) ಒಂದೆರಡು ಸರ್ವರ್ ಇಟ್ಟುಕೊಂಡರೆ ಹೋಲಿಸಿ ನೋಡಲು ಅನುಕೂಲ.

ಎಲ್ಲ ರೂಟರ್‌ಗಳೂ ನೇರವಾಗಿ ಹೊರಗೇ ಕೇಳಲಿ ಬಿಡಿ, ಏನು ತೊಂದರೆ?

ನಾನು ಹಾಗೆ ಮಾಡುವುದಿಲ್ಲ. ನಿಮ್ಮ ನೆಟ್‌ವರ್ಕ್‌ನ ನಡುವೆ ಎರಡು ಮೂರು ಗಟ್ಟಿ ರೂಟರ್‌ಗಳನ್ನು ಆರಿಸಿ. ಅವು ಮಾತ್ರ ಹೊರಗೆ ಕೇಳಲಿ. ಉಳಿದವೆಲ್ಲ ಇವನ್ನೇ ಕೇಳಲಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಮೈಸೂರಿನಲ್ಲಿ ಎರಡು, 10.10.0.1 ಮತ್ತು 10.10.0.2. ಮಂಡ್ಯದಲ್ಲಿ ಒಂದು, 10.10.0.3. ಶ್ರೀರಂಗಪಟ್ಟಣ, ಪಾಂಡವಪುರ, ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆಯವು ಈ ಮೂರನ್ನೂ ಕೇಳುತ್ತವೆ.

ಲಾಭ ಏನು ಅಂದರೆ, ಹೊರಗಿನ ಲಿಂಕ್ ಹೋದರೂ ಒಳಗಿನ ಎಲ್ಲ ರೂಟರ್‌ಗಳೂ ಒಂದೇ ಟೈಮ್ ಹೇಳುತ್ತಿರುತ್ತವೆ. ಲಾಗ್ ಹೋಲಿಸಲು ಅದೇ ಮುಖ್ಯ. ಎಲ್ಲವೂ ಒಟ್ಟಿಗೆ 10 ಮಿಲಿಸೆಕೆಂಡ್ ಹಿಂದಿದ್ದರೆ ನಡೆಯುತ್ತೆ, ಒಂದೊಂದು ಒಂದೊಂದು ಥರ ಇದ್ದರೆ ನಡೆಯುವುದಿಲ್ಲ. ಫೈರ್‌ವಾಲ್‌ನಲ್ಲಿ (ಬೇಡದ ಪ್ಯಾಕೆಟ್ ತಡೆಯುವ ಕಾವಲಿನಲ್ಲಿ) ಪೋರ್ಟ್ ತೆರೆಯಬೇಕಾದ ಜಾಗವೂ ಮೂರಕ್ಕೆ ಇಳಿಯುತ್ತೆ. ಹೊರಗಿನ ಸರ್ವರ್‌ಗಳಿಗೂ ಹೊರೆ ಕಮ್ಮಿ. 2003ರಲ್ಲಿ ಒಂದು ಮಾದರಿಯ ಮನೆ ರೂಟರ್‌ಗಳಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟೈಮ್ ಸರ್ವರ್‌ನ ವಿಳಾಸವನ್ನೇ ಒಳಗೆ ಬರೆದಿಟ್ಟು ಮಾರಿದ್ದರಿಂದ, ಲಕ್ಷಾಂತರ ರೂಟರ್‌ಗಳು ಒಟ್ಟಿಗೆ ಕೇಳಿ ಆ ಕ್ಯಾಂಪಸ್‌ನ ನೆಟ್‌ವರ್ಕ್ ಮೇಲೆ ಪ್ರವಾಹವೇ ಹರಿದಿತ್ತು.

‘ಸರ್ವರ್’ ಅಂತ ಹಾಕಬೇಕಾ, ‘ಪಿಯರ್’ ಅಂತ ಹಾಕಬೇಕಾ?

ಎನ್‌ಟಿಪಿ ಸರ್ವರ್ ಅಂತ ಹಾಕಿದರೆ ‘ಅವರು ಹೇಳುತ್ತಾರೆ, ನಾನು ಕೇಳುತ್ತೇನೆ’. ಪಿಯರ್ ಅಂತ ಹಾಕಿದರೆ ಇಬ್ಬರೂ ಒಬ್ಬರನ್ನೊಬ್ಬರು ತಿದ್ದಬಹುದು. ನಡುವಿನ ಮೂರು ರೂಟರ್‌ಗಳ ನಡುವೆ ಪಿಯರ್ ಇಡಿ, ಯಾರಾದರೂ ಒಬ್ಬರಿಗೆ ಹೊರಗಿನ ದಾರಿ ತಪ್ಪಿದರೆ ಉಳಿದವರಿಂದ ಸಿಗುತ್ತೆ. ಹಳ್ಳಿ ಕಡೆಯ ರೂಟರ್‌ಗಳಲ್ಲಿ ಸರ್ವರ್ ಮಾತ್ರ. ಅವು ಮೈಸೂರಿನ ರೂಟರ್‌ಗೆ ಟೈಮ್ ಹೇಳಿಕೊಡುವ ಪರಿಸ್ಥಿತಿ ಬರಬಾರದು.

ಸಿಸ್ಕೋ ಕಂಪನಿಯ ರೂಟರ್‌ನಲ್ಲಿ ಏನೇನು ಹಾಕಬೇಕು?

ಮದ್ದೂರಿನಂಥ ತುದಿಯ ರೂಟರ್‌ನಲ್ಲಿ ಇಷ್ಟು ಸಾಕು:

ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30
ಸರ್ವೀಸ್ ಟೈಮ್‌ಸ್ಟ್ಯಾಂಪ್ಸ್ ಲಾಗ್ ಡೇಟ್‌ಟೈಮ್ ಎಂಸೆಕ್ ಲೋಕಲ್‌ಟೈಮ್ ಶೋ-ಟೈಮ್‌ಝೋನ್
ಎನ್‌ಟಿಪಿ ಸೋರ್ಸ್ ಲೂಪ್‌ಬ್ಯಾಕ್0
ಎನ್‌ಟಿಪಿ ಸರ್ವರ್ 10.10.0.1 ಪ್ರಿಫರ್
ಎನ್‌ಟಿಪಿ ಸರ್ವರ್ 10.10.0.2
ಎನ್‌ಟಿಪಿ ಸರ್ವರ್ 10.10.0.3
ಎನ್‌ಟಿಪಿ ಅಪ್‌ಡೇಟ್-ಕ್ಯಾಲೆಂಡರ್

ಲೂಪ್‌ಬ್ಯಾಕ್ ಅಂದರೆ ಯಾವ ಲಿಂಕ್‌ಗೂ ಅಂಟಿಕೊಳ್ಳದ, ರೂಟರ್‌ನ ಒಳಗಿನ ವಿಳಾಸ. ಸೋರ್ಸ್ ಲೂಪ್‌ಬ್ಯಾಕ್ ಯಾಕೆ ಅಂದರೆ, ಒಂದು ಲಿಂಕ್ ಬಿದ್ದು ಇನ್ನೊಂದು ದಾರಿಯಲ್ಲಿ ಪ್ಯಾಕೆಟ್ ಹೋದರೂ ಕಳಿಸಿದವರ ವಿಳಾಸ ಬದಲಾಗಬಾರದು. ಆದರೆ ನಡುವಿನ ರೂಟರ್‌ಗಳಲ್ಲಿ ಇಲ್ಲೊಂದು ಗುಂಡಿ ಇದೆ. ನಿಮ್ಮ ಲೂಪ್‌ಬ್ಯಾಕ್ 10ರಿಂದ ಶುರುವಾಗುವ ಖಾಸಗಿ ವಿಳಾಸ ಆಗಿದ್ದರೆ, ಅದೇ ಸೋರ್ಸ್ ಹಿಡಿದು ದೆಹಲಿಗೆ ಹೋದ ಪ್ಯಾಕೆಟ್‌ಗೆ ಉತ್ತರ ವಾಪಸ್ ಬರುವುದಿಲ್ಲ. ಅಂಥ ಕಡೆ ಹೊರಗಿನ ಸರ್ವರ್‌ನ ಸಾಲಿನ ಕೊನೆಗೇ ಸೋರ್ಸ್ ಅಂತ ಹಾಕಿ, ಇಂಟರ್ನೆಟ್ ಕಡೆಯ ಇಂಟರ್‌ಫೇಸ್ ಹೆಸರು ಕೊಡಿ. ಒಳಗಿನವಕ್ಕೆ ಲೂಪ್‌ಬ್ಯಾಕ್ ಹಾಗೇ ಇರಲಿ.

ಜೂನಿಪರ್‌ನಲ್ಲೂ ಇದೇ ಯೋಚನೆ: ಸೆಟ್ ಸಿಸ್ಟಮ್ ಟೈಮ್-ಝೋನ್ ಏಷ್ಯಾ/ಕೋಲ್ಕತಾ, ಆಮೇಲೆ ಸೆಟ್ ಸಿಸ್ಟಮ್ ಎನ್‌ಟಿಪಿ ಸರ್ವರ್. ಲೂಪ್‌ಬ್ಯಾಕ್ ಮೇಲೆ ಫಿಲ್ಟರ್ ಹಾಕಿದ್ದರೆ 123ಕ್ಕೆ ಅಲ್ಲಿ ದಾರಿ ಬಿಡುವುದನ್ನು ಮರೆಯಬೇಡಿ.

ಮೈಕ್ರೋಟಿಕ್‌ನಲ್ಲಿ?

ನಮ್ಮ ಕಡೆ ಸಣ್ಣ ಸೇವಾದಾರರ ಹತ್ತಿರ ಜಾಸ್ತಿ ಇರುವುದು ಇದೇ. ಅದರ ಸೆಟ್ಟಿಂಗ್ ಮಾಡುವ ತಂತ್ರಾಂಶ ವಿನ್‌ಬಾಕ್ಸ್ ತೆರೆದು ಸಿಸ್ಟಮ್ ಒಳಗೆ ಕ್ಲಾಕ್‌ಗೆ ಹೋಗಿ. ಟೈಮ್‌ಝೋನ್ ಆಟೋಡಿಟೆಕ್ಟ್ ಟಿಕ್ ತೆಗೆದು, ಏಷ್ಯಾ/ಕೋಲ್ಕತಾ ನೀವೇ ಆರಿಸಿ. ಆಮೇಲೆ ಎನ್‌ಟಿಪಿ ಕ್ಲೈಂಟ್‌ಗೆ ಹೋಗಿ ಎನೇಬಲ್ ಮಾಡಿ, ಮೂರೂ ವಿಳಾಸ ಸೇರಿಸಿ. ಇದೇ ಪೆಟ್ಟಿಗೆ ಬೇರೆಯವಕ್ಕೆ ಟೈಮ್ ಕೊಡಬೇಕಾದರೆ ರೂಟರ್‌ಓಎಸ್ 7ರಲ್ಲಿ ಎನ್‌ಟಿಪಿ ಸರ್ವರ್ ಒಳಗೇ ಇದೆ, 6ರಲ್ಲಿ ಬೇರೆ ಪ್ಯಾಕೇಜ್ ಹಾಕಬೇಕು. ಫೈರ್‌ವಾಲ್‌ನ ಇನ್‌ಪುಟ್ ಚೈನ್‌ನಲ್ಲಿ ಯುಡಿಪಿ 123 ನಿಮ್ಮ ಒಳಗಿನ ವಿಳಾಸಗಳಿಗೆ ಮಾತ್ರ ತೆರೆಯಿರಿ.

ಎನ್‌ಟಿಪಿ ಹಾಕಿದ ಮೇಲೆ ಟೈಮ್ ಐದೂವರೆ ಗಂಟೆ ತಪ್ಪಾಯ್ತು. ಯಾಕೆ?

ಇದಂತೂ ವಾರಕ್ಕೊಂದು ಸಲ ಬರುವ ಪ್ರಶ್ನೆ. ಎನ್‌ಟಿಪಿಗೆ ಐಎಸ್‌ಟಿ (ಭಾರತೀಯ ಸಮಯ) ಗೊತ್ತಿಲ್ಲ, ಯಾವ ದೇಶದ ಟೈಮೂ ಗೊತ್ತಿಲ್ಲ. ಅದು ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ, ಮಾತ್ರ. ಅದಕ್ಕೆ 5:30 ಸೇರಿಸುವುದು ನಿಮ್ಮ ರೂಟರ್‌ನ ಟೈಮ್‌ಝೋನ್ ಸೆಟ್ಟಿಂಗ್. ಹಿಂದೆ ಯಾರೋ ಟೈಮ್‌ಝೋನ್ ಹಾಕದೆ, ಯುಟಿಸಿ ಅಂತಿದ್ದ ಗಡಿಯಾರಕ್ಕೆ ಗೋಡೆ ಗಡಿಯಾರ ನೋಡಿ ನಮ್ಮ ಟೈಮ್ ತುಂಬಿರುತ್ತಾರೆ. ನೋಡಲು ಸರಿ ಕಾಣುತ್ತೆ. ಎನ್‌ಟಿಪಿ ಬಂದು ನಿಜವಾದ ಯುಟಿಸಿ ಹಾಕಿದ ತಕ್ಷಣ ಐದೂವರೆ ಗಂಟೆ ಹಿಂದಕ್ಕೆ ಹೋದಂತೆ ಕಾಣುತ್ತೆ. ಆಗ ಗಾಬರಿಯಾಗಿ ಎನ್‌ಟಿಪಿ ತೆಗೆಯಬೇಡಿ. ಟೈಮ್‌ಝೋನ್ ಹಾಕಿ, ಅಷ್ಟೇ.

ನಮ್ಮ 5:30 ಬಂದಿದ್ದು 82.5 ಡಿಗ್ರಿ ಪೂರ್ವ ರೇಖಾಂಶದಿಂದ. ಮೈಸೂರು ಇರುವುದು ಸುಮಾರು 76.6 ಡಿಗ್ರಿಯಲ್ಲಿ. ಅದಕ್ಕೇ ನಮ್ಮೂರಲ್ಲಿ ಸೂರ್ಯ ಸರಾಸರಿ 12 ಗಂಟೆ 23 ನಿಮಿಷದ ಹೊತ್ತಿಗೆ ನೆತ್ತಿ ದಾಟುತ್ತಾನೆ. ರೂಟರ್‌ಗೆ ಇದರಿಂದ ಏನೂ ಆಗಬೇಕಿಲ್ಲ, ನನಗೆ ಮಾತ್ರ ಇದು ಗೊತ್ತಾದ ದಿನ ತುಂಬಾ ಖುಷಿಯಾಗಿತ್ತು.

ಕೆಲವರು ಎಲ್ಲ ಲಾಗ್‌ಗಳನ್ನೂ ಯುಟಿಸಿಯಲ್ಲೇ ಇಡುತ್ತಾರೆ. ವಿದೇಶದಲ್ಲೂ ರೂಟರ್ ಇದ್ದರೆ ಅದೇ ಸರಿ. ಮೈಸೂರು-ಮಂಡ್ಯದೊಳಗೆ ಐಎಸ್‌ಟಿ ಇಟ್ಟರೆ ನಡುರಾತ್ರಿ ನಿದ್ದೆಗಣ್ಣಿನಲ್ಲಿ ಕೂಡಿ ಕಳೆಯುವ ಕಷ್ಟ ತಪ್ಪುತ್ತೆ. ಯಾವುದಾದರೂ ಸರಿ, ಎಲ್ಲ ಕಡೆ ಒಂದೇ ಇರಲಿ, ಝೋನ್ ಹೆಸರು ಲಾಗ್‌ನಲ್ಲಿ ಕಾಣಲಿ.

ಎಷ್ಟು ಸರ್ವರ್ ಕೊಡಬೇಕು? ಎರಡು ಸಾಕಲ್ವಾ?

ಎರಡು ಎಲ್ಲಕ್ಕಿಂತ ಕೆಟ್ಟದ್ದು. ಎತ್ತು ಏರಿಗೆ, ಕೋಣ ನೀರಿಗೆ ಎಳೆದಾಗ ಯಾರು ಸರಿ ಅಂತ ರೂಟರ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಮೂರು ಇದ್ದರೆ ಇಬ್ಬರು ಒಂದು ಮಾತು ಹೇಳಿ, ಮೂರನೆಯದನ್ನು ಹೊರಗಿಡಬಹುದು. ನಾಲ್ಕು ಇದ್ದರೆ ಒಂದು ಸತ್ತುಹೋದ ದಿನವೂ ಮೂರು ಉಳಿಯುತ್ತೆ. ಹಾಗಾಗಿ ಹೊರಗೆ ಕೇಳುವ ರೂಟರ್‌ಗಳಿಗೆ ನಾಲ್ಕು, ಒಳಗಿನವಕ್ಕೆ ಮೂರು.

‘ಶೋ ಎನ್‌ಟಿಪಿ ಅಸೋಸಿಯೇಶನ್ಸ್’ ಹೊಡೆದರೆ ಏನೇನೋ ಬರುತ್ತೆ, ಹೇಗೆ ಓದುವುದು?

ಇದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸಾಲಿನ ಮೊದಲಿಗೆ ನಕ್ಷತ್ರ ಇದ್ದರೆ ರೂಟರ್ ಈಗ ಅವರ ಮಾತು ಕೇಳುತ್ತಿದೆ. ಪ್ಲಸ್ ಇದ್ದರೆ ಅವರೂ ಒಳ್ಳೆಯವರೇ, ಸರದಿಯಲ್ಲಿದ್ದಾರೆ. ಮೈನಸ್ ಇದ್ದರೆ ಗುಂಪಿನಿಂದ ಸ್ವಲ್ಪ ದೂರ ಇದ್ದಾರೆ. ಎಕ್ಸ್ ಇದ್ದರೆ ಸುಳ್ಳು ಟೈಮ್ ಹೇಳುತ್ತಿದ್ದಾರೆ ಅಂತ ರೂಟರ್ ತೀರ್ಮಾನಿಸಿದೆ. ಬರೀ ಅಲೆ ಚಿಹ್ನೆ ಇದ್ದರೆ ಕಾನ್ಫಿಗರ್ ಮಾಡಿದ್ದೀರಿ, ಅಷ್ಟೇ. ಎಲ್ಲೂ ನಕ್ಷತ್ರ ಇಲ್ಲ ಅಂದರೆ ಹೊಂದಾಣಿಕೆ ಆಗಿಲ್ಲ.

ರೀಚ್ ಅನ್ನುವ ಕಾಲಂ ನನಗೆ ತುಂಬಾ ಇಷ್ಟ. ಕೊನೆಯ ಎಂಟು ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ಬಂತು ಅನ್ನುವುದನ್ನು ಎಂಟು ಬಿಟ್‌ಗಳಲ್ಲಿ ಇಟ್ಟು ಆಕ್ಟಲ್‌ನಲ್ಲಿ, ಅಂದರೆ ಎಂಟರ ಲೆಕ್ಕದ ಅಂಕಿಯಲ್ಲಿ, ತೋರಿಸುತ್ತೆ. ಹೊಸದಾಗಿ ಹಾಕಿದಾಗ 1, 3, 7, 17, 37, 77, 177, 377 ಅಂತ ಏರುತ್ತೆ. 377 ಅಂದರೆ ಎಂಟಕ್ಕೆ ಎಂಟೂ ಬಂದಿದೆ. ಮೊದಮೊದಲು 64 ಸೆಕೆಂಡಿಗೊಮ್ಮೆ ಕೇಳುವುದರಿಂದ 377 ಮುಟ್ಟಲು ಎಂಟೂವರೆ ನಿಮಿಷ ಬೇಕು. ಗಡಿಯಾರ ಸ್ಥಿರವಾದ ಮೇಲೆ ಅಂತರ ಹೆಚ್ಚಿಸುತ್ತಾ 1024 ಸೆಕೆಂಡ್‌ವರೆಗೆ ಹೋಗುತ್ತೆ. 376 ಕಂಡರೆ ಈಗತಾನೆ ಒಂದು ಉತ್ತರ ತಪ್ಪಿದೆ. ಅದು 375, 373, 367 ಅಂತ ಸಾಗುತ್ತಿದ್ದರೆ ತಪ್ಪಿದ್ದು ಅದೊಂದೇ, ಹಿಂದೆ ಸರಿಯುತ್ತಿದೆ, ಚಿಂತೆ ಬೇಡ. 252, 125 ಅಂತ ಓಲಾಡುತ್ತಿದ್ದರೆ ಬಿಟ್ಟು ಬಿಟ್ಟು ಪ್ಯಾಕೆಟ್ ಕಳೆಯುತ್ತಿದೆ. ಸೊನ್ನೆ ಅಂದರೆ ಏನೂ ಬರುತ್ತಿಲ್ಲ.

ಡಿಲೇ ಅಂದರೆ ಹೋಗಿ ಬರುವ ಸಮಯ, ಆಫ್‌ಸೆಟ್ ಅಂದರೆ ಎರಡು ಗಡಿಯಾರಗಳ ವ್ಯತ್ಯಾಸ, ಎರಡೂ ಮಿಲಿಸೆಕೆಂಡ್‌ನಲ್ಲಿ. ಆಫ್‌ಸೆಟ್ 4 ಅಂತ ನೋಡಿ ನಾಲ್ಕು ಸೆಕೆಂಡ್ ಅಂದುಕೊಂಡವರು ಇದ್ದಾರೆ, ಹಾಗಲ್ಲ.

ಎಲ್ಲ ಹಾಕಿದ್ದೇನೆ, ಆದರೂ ಸಿಂಕ್ ಆಗುತ್ತಿಲ್ಲ!

ಮೊದಲು ಕಾಯಿರಿ. ಹಾಕಿ ಎರಡು ನಿಮಿಷಕ್ಕೇ ತೆಗೆದು ಮತ್ತೆ ಹಾಕಿದರೆ ಎಣಿಕೆ ಮೊದಲಿನಿಂದ ಶುರುವಾಗುತ್ತೆ. ಚಹಾ ಕುಡಿದು ಬನ್ನಿ.

ಹದಿನೈದು ನಿಮಿಷ ಆದರೂ ರೀಚ್ ಸೊನ್ನೆಯೇ ಇದ್ದರೆ ಅದು ಗಡಿಯಾರದ ಸಮಸ್ಯೆ ಅಲ್ಲ, ದಾರಿಯ ಸಮಸ್ಯೆ. ಸೋರ್ಸ್ ವಿಳಾಸ ಕೊಟ್ಟು ಪಿಂಗ್ ಮಾಡಿ ನೋಡಿ, ಸುಮ್ನೆ ಪಿಂಗ್ ಮಾಡಿದರೆ ಬೇರೆ ಇಂಟರ್‌ಫೇಸ್‌ನಿಂದ ಹೋಗಿ ಸರಿ ಇದೆ ಅನ್ನಿಸಿಬಿಡುತ್ತೆ. ನಡುವೆ ಎಲ್ಲಾದರೂ ಯುಡಿಪಿ 123 ತಡೆದಿದ್ದಾರಾ ನೋಡಿ. ಮ್ಯಾನೇಜ್‌ಮೆಂಟ್‌ಗೆ ಬೇರೆ ವಿಆರ್‌ಎಫ್ (ರೂಟರ್‌ನೊಳಗಿನ ಪ್ರತ್ಯೇಕ ರೂಟಿಂಗ್ ಪಟ್ಟಿ) ಇದ್ದರೆ ಎನ್‌ಟಿಪಿ ಸರ್ವರ್ ಸಾಲಿನಲ್ಲಿ ಅದರ ಹೆಸರೂ ಬೇಕು. ಸರ್ವರ್‌ಗೆ ಸಂಖ್ಯೆಯ ಬದಲು ಹೆಸರು ಕೊಟ್ಟಿದ್ದರೆ, ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೆಲಸ ಮಾಡುತ್ತಿದೆಯಾ ಅಂತಲೂ ನೋಡಿ.

ರೀಚ್ 377 ಇದೆ, ಆದರೂ ನಕ್ಷತ್ರ ಇಲ್ಲ ಅಂದರೆ ಆ ಸರ್ವರ್‌ನ ಸ್ಟ್ರೇಟಮ್ ನೋಡಿ. 16 ಅಂತಿದ್ದರೆ ಅವರಿಗೇ ಟೈಮ್ ಗೊತ್ತಿಲ್ಲ, ನಿಮಗೆಲ್ಲಿಂದ ಕೊಡುತ್ತಾರೆ? ಮದ್ದೂರಿನಲ್ಲಿ ಕೂತು ಒದ್ದಾಡುವುದು ಬಿಟ್ಟು ಮೈಸೂರಿನ ರೂಟರ್ ಮೊದಲು ಸರಿ ಮಾಡಿ.

ನಿಮ್ಮ ಗಡಿಯಾರವೇ ವರ್ಷಗಟ್ಟಲೆ ತಪ್ಪಿದ್ದರೂ ತೊಂದರೆ. ಲಿನಕ್ಸ್ ಪೆಟ್ಟಿಗೆಗಳಲ್ಲಿ ಓಡುವ ಮೂಲ ಎನ್‌ಟಿಪಿ ಪ್ರೋಗ್ರಾಂ 1000 ಸೆಕೆಂಡ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಸಾಮಾನ್ಯವಾಗಿ ಏನೋ ಎಡವಟ್ಟಾಗಿದೆ ಅಂತ ನಿಂತುಬಿಡುತ್ತೆ. ಹಾಗಾಗಿ ಒಂದು ಸಲ ಕೈಯಲ್ಲಿ ಅಂದಾಜು ಟೈಮ್ ಹಾಕಿ, ಆಮೇಲೆ ಎನ್‌ಟಿಪಿಗೆ ಬಿಡಿ.

ಕರೆಂಟ್ ಹೋಗಿ ಬಂದರೆ ಟೈಮ್ 1970 ಅಂತ ತೋರಿಸುತ್ತೆ, ಕೆಟ್ಟುಹೋಗಿದೆಯಾ?

ಕೆಟ್ಟಿಲ್ಲ. ಸಣ್ಣ ರೂಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿಯೇ ಇರುವುದಿಲ್ಲ. ಯುಪಿಎಸ್ ಬರಿದಾಗಿ ಆರಿದರೆ ಟೈಮ್ ಮರೆತುಹೋಗುತ್ತೆ. ಹಳೆಯ ಸಿಸ್ಕೋ ಪೆಟ್ಟಿಗೆಗಳು 1993ರ ಮಾರ್ಚ್ 1ರಿಂದ ಶುರುಮಾಡುತ್ತವೆ. ಬ್ಯಾಟರಿ ಇರುವ ಮಾದರಿಯಾದರೆ ಮೇಲೆ ಹೇಳಿದ ಅಪ್‌ಡೇಟ್-ಕ್ಯಾಲೆಂಡರ್ ಸಾಲು ಸರಿಯಾದ ಟೈಮನ್ನು ಆಗಾಗ ಆ ಗಡಿಯಾರಕ್ಕೂ ಬರೆದಿಡುತ್ತೆ.

ಸಿಸ್ಕೋ ಲಾಗ್‌ನಲ್ಲಿ ತಾರೀಖಿನ ಮುಂದೆ ನಕ್ಷತ್ರ ಇದ್ದರೆ ಆ ಟೈಮ್ ನಂಬಬೇಡಿ ಅಂತ ರೂಟರೇ ಹೇಳುತ್ತಿದೆ. ಚುಕ್ಕೆ ಇದ್ದರೆ ಹಿಂದೆ ಸರಿ ಇತ್ತು, ಈಗ ಎನ್‌ಟಿಪಿ ಸಂಪರ್ಕ ತಪ್ಪಿದೆ. ಏನೂ ಇಲ್ಲದಿದ್ದರೆ ಸರಿ ಇದೆ. ಅಸೋಸಿಯೇಶನ್ಸ್‌ನ ನಕ್ಷತ್ರ ಒಳ್ಳೆಯದು, ಲಾಗ್‌ನ ನಕ್ಷತ್ರ ಕೆಟ್ಟದ್ದು, ಎರಡನ್ನೂ ಬೆರೆಸಬೇಡಿ.

ಬ್ಯಾಟರಿ ಇಲ್ಲದ ರೂಟರ್‌ನಲ್ಲಿ ಸರ್ಟಿಫಿಕೇಟ್ ವಿಪಿಎನ್ ಇದ್ದು, ಟೈಮ್ ಸರ್ವರ್ ಆ ವಿಪಿಎನ್ ಒಳಗೇ ಇದ್ದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಟೈಮ್ ಇಲ್ಲದೆ ಟನಲ್ ಏಳದು, ಟನಲ್ ಇಲ್ಲದೆ ಟೈಮ್ ಸಿಗದು. ಒಂದಾದರೂ ಟೈಮ್ ಸರ್ವರ್ ಟನಲ್ ಹೊರಗೆ ಸಿಗಲಿ.

ಹೊರಗಿನ ಇಂಟರ್ನೆಟ್ ದಿನಗಟ್ಟಲೆ ಇಲ್ಲದಿದ್ದರೆ?

ಅದಕ್ಕೆ ಎನ್‌ಟಿಪಿ ಮಾಸ್ಟರ್ ಕಮಾಂಡ್ ಇದೆ. ಬೇರೆ ಯಾರೂ ಸಿಗದಿದ್ದಾಗ ರೂಟರ್ ತನ್ನ ಗಡಿಯಾರವನ್ನೇ ಹಂಚುತ್ತೆ. ಮೈಸೂರಿನ ಮೊದಲ ರೂಟರ್‌ನಲ್ಲಿ ಎನ್‌ಟಿಪಿ ಮಾಸ್ಟರ್ 10, ಎರಡನೆಯದರಲ್ಲಿ 12 ಹಾಕಿ. ಸಂಖ್ಯೆ ದೊಡ್ಡದಿರಬೇಕು, ಇದೇ ಮುಖ್ಯ. ಒಂದು ಕಡೆ ಯಾರೋ ಎನ್‌ಟಿಪಿ ಮಾಸ್ಟರ್ 1 ಅಂತ ಹಾಕಿದ್ದನ್ನು ನೋಡಿದ್ದೇನೆ. ಆ ರೂಟರ್ ತಾನೇ ಪರಮಾಣು ಗಡಿಯಾರಕ್ಕೆ ನೇರ ಜೋಡಿಸಿದ ಸರ್ವರ್ ಅಂತ ಸಾರಿತು, ಅದರ ಕೆಳಗಿನವೆಲ್ಲ ನಂಬಿ ತಪ್ಪು ಟೈಮ್ ಹಿಡಿದುಕೊಂಡವು.

ಬೇರೆಯವರು ಸುಳ್ಳು ಟೈಮ್ ತುರುಕದಂತೆ ಹೇಗೆ ತಡೆಯುವುದು?

ಒಳಗಿನ ರೂಟರ್‌ಗಳ ನಡುವೆ ಕೀ ಹಾಕಿ. ಎರಡೂ ಕಡೆ ಎನ್‌ಟಿಪಿ ಅಥೆಂಟಿಕೇಶನ್-ಕೀ 1 ಅಂತ ಹಾಕಿ ಒಂದೇ ಗುಟ್ಟಿನ ಪದ ಕೊಡಿ. ಆಮೇಲೆ ಎನ್‌ಟಿಪಿ ಟ್ರಸ್ಟೆಡ್-ಕೀ 1, ಎನ್‌ಟಿಪಿ ಅಥೆಂಟಿಕೇಟ್. ಇಷ್ಟಕ್ಕೇ ನಿಲ್ಲಿಸುವವರು ತುಂಬಾ ಜನ. ಕೇಳುವ ಕಡೆಯ ಎನ್‌ಟಿಪಿ ಸರ್ವರ್ ಸಾಲಿನ ಕೊನೆಗೆ ಕೀ 1 ಅಂತ ಸೇರಿಸದಿದ್ದರೆ ಮೊದಲಿನ ಮೂರು ಸಾಲೂ ವ್ಯರ್ಥ, ಕೀ ಇಲ್ಲದ ಉತ್ತರವನ್ನೂ ರೂಟರ್ ಒಪ್ಪಿಕೊಳ್ಳುತ್ತೆ. ಕೀ ಪರೀಕ್ಷಿಸುವ ವಿಧಾನಗಳಲ್ಲಿ ಎಂಡಿ5 ಹಳೆಯದಾಯ್ತು. ನಿಮ್ಮ ರೂಟರ್‌ನಲ್ಲಿ ಎಸ್‌ಎಚ್‌ಎ ಇದ್ದರೆ ಅದನ್ನೇ ಆರಿಸಿ.

ಇನ್ನೊಂದು, ನಿಮ್ಮ ರೂಟರ್ ಊರಿಗೆಲ್ಲ ಉತ್ತರ ಕೊಡಬಾರದು. ಹಳೆಯ ಎನ್‌ಟಿಪಿ ಪ್ರೋಗ್ರಾಂಗಳಲ್ಲಿ ಮಾನ್‌ಲಿಸ್ಟ್ ಅಂತ ಒಂದು ಪ್ರಶ್ನೆ ಇತ್ತು. ಪುಟ್ಟ ಪ್ಯಾಕೆಟ್ ಕಳಿಸಿದರೆ ಕೊನೆಗೆ ಮಾತಾಡಿಸಿದ 600 ಜನರವರೆಗಿನ ಪಟ್ಟಿ ವಾಪಸ್ ಬರುತ್ತಿತ್ತು. ಕಳಿಸಿದವರ ವಿಳಾಸ ಸುಳ್ಳು ಹಾಕಿ, ಆ ದೊಡ್ಡ ಉತ್ತರವನ್ನು ಬೇರೆಯವರ ಮೇಲೆ ಸುರಿಸುವ ದಾಳಿಗಳು 2014ರ ಶುರುವಿನಲ್ಲಿ ದೊಡ್ಡ ಮಟ್ಟದಲ್ಲಿ ನಡೆದವು. ಹಾಗಾಗಿ ಎನ್‌ಟಿಪಿ ಆಕ್ಸೆಸ್-ಗ್ರೂಪ್ ಹಾಕಿ: ಸರ್ವ್-ಓನ್ಲಿ ಪಟ್ಟಿಯಲ್ಲಿ ನಿಮ್ಮ ಒಳಗಿನ ವಿಳಾಸಗಳು, ಪಿಯರ್ ಪಟ್ಟಿಯಲ್ಲಿ ನೀವು ಟೈಮ್ ತಗೊಳ್ಳುವ ಸರ್ವರ್‌ಗಳು. ಪಿಯರ್ ಪಟ್ಟಿ ಮರೆತರೆ ನಿಮಗೇ ಟೈಮ್ ಬರುವುದು ನಿಲ್ಲುತ್ತೆ. ಎನ್‌ಟಿಪಿ ಮಾಸ್ಟರ್ ಇದ್ದರೆ ಅಸೋಸಿಯೇಶನ್ಸ್‌ನಲ್ಲಿ ಕಾಣುವ, 127.127ರಿಂದ ಶುರುವಾಗುವ ವಿಳಾಸವೂ ಆ ಪಟ್ಟಿಯಲ್ಲಿರಬೇಕು.

ಆಫ್‌ಸೆಟ್ 5-10 ಮಿಲಿಸೆಕೆಂಡ್ ಇದೆ, ಸೊನ್ನೆಗೆ ತರಬಹುದಾ?

ಲಾಗ್ ಹೋಲಿಸಲು ಅಷ್ಟು ಧಾರಾಳ ಸಾಕು. ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಸಮಯ ಹಿಡಿಯುತ್ತೆ ಅಂತ ಎನ್‌ಟಿಪಿ ನಂಬುತ್ತೆ. ಮೈಸೂರಿನಿಂದ ಹೋಗುವಾಗ 10, ಬೇರೆ ದಾರಿಯಲ್ಲಿ ಸುತ್ತಿ ಬರುವಾಗ 30 ಮಿಲಿಸೆಕೆಂಡ್ ಆದರೆ ವ್ಯತ್ಯಾಸದ ಅರ್ಧ, ಅಂದರೆ 10 ಮಿಲಿಸೆಕೆಂಡ್ ತಪ್ಪು ಒಳಗೇ ಕೂರುತ್ತೆ, ಮತ್ತು ಆಫ್‌ಸೆಟ್ ಕಾಲಂನಲ್ಲಿ ಅದು ಕಾಣುವುದೂ ಇಲ್ಲ. ಅದಕ್ಕಿಂತ ನಿಖರವಾಗಿ ಬೇಕಾದರೆ ಚಾವಣಿ ಮೇಲೆ ಆಂಟೆನಾ ಇಟ್ಟು ಜಿಪಿಎಸ್ ಟೈಮ್ ಸರ್ವರ್ ಹಾಕಬೇಕು. ಮೊಬೈಲ್ ಟವರ್‌ಗಳಿಗೆ ಬೇಕಾಗುವ ಮೈಕ್ರೋಸೆಕೆಂಡ್ ಮಟ್ಟಕ್ಕೆ ಪಿಟಿಪಿ ಅನ್ನುವ ಬೇರೆಯದೇ ಪ್ರೋಟೋಕಾಲ್ ಇದೆ. ಕಾಲೇಜಿಗೂ ಸಣ್ಣ ಸೇವಾದಾರರಿಗೂ ಅದು ಬೇಡ.

ಲೀಪ್ ಸೆಕೆಂಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾ?

ಸದ್ಯಕ್ಕಿಲ್ಲ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಆಗಾಗ ಸೇರಿಸುವ ಒಂದು ಸೆಕೆಂಡ್ ಇದು. ಕೊನೆಯದು ಸೇರಿದ್ದು ನಮ್ಮ ಲೆಕ್ಕದಲ್ಲಿ 2017ರ ಜನವರಿ 1ರ ಬೆಳಗ್ಗೆ, ಐದೂವರೆ ಆಗುವ ಮುಂಚಿನ ಒಂದು ಹೆಚ್ಚುವರಿ ಸೆಕೆಂಡ್. 2035ರ ಹೊತ್ತಿಗೆ ಈ ಪದ್ಧತಿಯನ್ನು ಬಿಡಲು 2022ರಲ್ಲಿ ಅಂತರರಾಷ್ಟ್ರೀಯ ಸಭೆಯಲ್ಲಿ ತೀರ್ಮಾನವಾಗಿದೆ. ಆದರೆ ಗೂಗಲ್‌ನ ಟೈಮ್ ಸರ್ವರ್‌ಗಳು ಆ ಸೆಕೆಂಡನ್ನು ಇಡೀ ದಿನಕ್ಕೆ ಹರಡುತ್ತವೆ, ಎನ್‌ಪಿಎಲ್ ಜೊತೆ ಅವನ್ನು ಬೆರೆಸಿ ಹಾಕಬೇಡಿ. ಎನ್‌ಟಿಪಿಯ 32 ಬಿಟ್ ಸೆಕೆಂಡ್ ಎಣಿಕೆ 1900ರಿಂದ ಶುರುವಾಗಿದ್ದು 2036ರ ಫೆಬ್ರವರಿ 7ಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತೆ. ಆ ಹೊತ್ತಿಗೂ ಇವತ್ತಿನ ಹಳೆಯ ಪೆಟ್ಟಿಗೆಯನ್ನೇ ಓಡಿಸುವ ಯೋಚನೆ ಇದ್ದರೆ ಮಾತ್ರ ಈಗಲೇ ವಿಚಾರಿಸಿಟ್ಟುಕೊಳ್ಳಿ.

ಓಡುತ್ತಿರುವ ನೆಟ್‌ವರ್ಕ್‌ನಲ್ಲಿ ಹಗಲು ಹೊತ್ತೇ ಹಾಕಬಹುದಾ?

ಗಡಿಯಾರ ಆಗಲೇ ಸರಿಸುಮಾರು ಸರಿ ಇದ್ದರೆ ಹಾಕಿ, ಯಾರಿಗೂ ಗೊತ್ತಾಗುವುದಿಲ್ಲ. ಮೂಲ ಎನ್‌ಟಿಪಿಯಲ್ಲಿ ವ್ಯತ್ಯಾಸ 128 ಮಿಲಿಸೆಕೆಂಡ್ ಒಳಗಿದ್ದರೆ ಗಡಿಯಾರದ ವೇಗವನ್ನು ಚೂರು ಹೆಚ್ಚು ಕಮ್ಮಿ ಮಾಡಿ ನಿಧಾನವಾಗಿ ಎಳೆಯುತ್ತೆ, ಅದಕ್ಕಿಂತ ಜಾಸ್ತಿ ಇದ್ದರೆ ಒಂದೇ ಸಲ ನೆಗೆಸುತ್ತೆ. ಗಂಟೆಗಟ್ಟಲೆ ತಪ್ಪಿದ್ದು, ಸರ್ಟಿಫಿಕೇಟ್ ವಿಪಿಎನ್ ಅಥವಾ ಅವಧಿ ಹಾಕಿದ ಕೀ-ಚೈನ್ ಇದ್ದರೆ ಮಾತ್ರ ರಾತ್ರಿ ಮಾಡಿ. ನೆಗೆಯುವ ಮುಂಚೆ ಹಳೆಯ ಟೈಮ್ ಎಷ್ಟಿತ್ತು, ನಿಜವಾದ ಟೈಮ್ ಎಷ್ಟು ಅಂತ ಎರಡನ್ನೂ ಬರೆದಿಟ್ಟುಕೊಳ್ಳಿ. ಆ ರೂಟರ್‌ನ ಹಳೆಯ ಲಾಗ್‌ಗಳನ್ನು ಮುಂದೆ ಯಾವತ್ತಾದರೂ ಓದಬೇಕಾದರೆ ಎಷ್ಟು ನಿಮಿಷ ಕೂಡಬೇಕು, ಎಷ್ಟು ಕಳೆಯಬೇಕು ಅಂತ ತಿಳಿಯುವುದು ಆ ಒಂದು ಚೀಟಿಯಿಂದಲೇ.